ನಾಗಕ್ಕ ಕಾದ ಅಂಚಿನ ಕಣ

ಬರಗೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ನನ್ನ ಬಟ್ಟೆ ಅಂಗಡಿ. ಸುತ್ತಲ ಹಳ್ಳಿಗಳ ಯಾವ ಮನೆಯಲ್ಲಿ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ ಎಂಬುದು ಆಯಾ ಮನೆಯ ಗಂಡಸರಿಗಿಂತ ಮುಂಚೆ ನನಗೆ ತಿಳಿಯುತ್ತಿತ್ತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಒಬ್ಬಾಕೆ ಸೀರೆ ಬಿಚ್ಚಿಸಿ ನೋಡಿ "ಚೆಂದಾಗೈತೆ, ಕೊಡಿ" ಅಂದರೆ ಅದು ವ್ಯಾಪಾರ. "ಅವ್ಳು ತಗಂಡೋದ್ಲಲ್ಲ, ಅದು ಯಾವುದು ತೋರ್ಸಿ" ಅಂದರೆ ಅದು ಸಂಸಾರ.

ಹುಲಿಕುಂಟೆಯಾಚೆಯ ಹಟ್ಟಿಯ ನಾಗಕ್ಕ ಈ ಎರಡನೆಯ ಬಗೆಯ ಗಿರಾಕಿ. ಕುರಿ ಸಾಕುವ ಮನೆ. ಗಂಡ ಓಬಳಪ್ಪ ವರ್ಷದಲ್ಲಿ ಎಂಟು ತಿಂಗಳು ಕುರಿಯ ಹಿಂದೆ ಇರುತ್ತಿದ್ದ. ಉಳಿದ ನಾಲ್ಕು ತಿಂಗಳು ಮನೆಯಲ್ಲಿದ್ದರೂ ಕುರಿಯ ಮಾತೇ ಆಡುತ್ತಿದ್ದ. ಓಬಳಪ್ಪನ ಅಣ್ಣ ದಾಸಣ್ಣ, ಆತನ ಹೆಂಡತಿ ಕೆಂಪಕ್ಕ. ವಾರಗಿತ್ತಿಯರಿಬ್ಬರೂ ಒಬ್ಬರ ಹಿಂದೊಬ್ಬರು ಆ ಮನೆಗೆ ಬಂದವರು. ಕೆಂಪಕ್ಕ ಮಾಘದಲ್ಲಿ, ನಾಗಕ್ಕ ಚೈತ್ರದಲ್ಲಿ. ಎರಡು ತಿಂಗಳು ಮೊದಲು ಬಂದಿದ್ದಕ್ಕೆ ಕೆಂಪಕ್ಕ ಜನ್ಮಪೂರ್ತಿ ಹಿರಿಸೊಸೆಯಾದಳು, ನಾಗಕ್ಕ ಜನ್ಮಪೂರ್ತಿ ಕಿರಿಸೊಸೆಯಾದಳು.

ಇದರಿಂದ ಏನಾಯಿತು ಅಂತೀರಾ? ಹಾಡು ಪಾಲಾಯಿತು.

ಅವರ ಕಡೆಯ ಮದುವೆಗಳಲ್ಲಿ ಸೋಬಾನೆ ಹೇಳುವವರು ಇಬ್ಬರು. ಒಬ್ಬಳು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ಹಿಂದಿನಿಂದ ದನಿಗೂಡಿಸುತ್ತಾಳೆ. ಸೊಲ್ಲು ಎತ್ತುವುದು ಹಿರಿಸೊಸೆಯ ಹಕ್ಕು. ಮದುವೆ ಮುಗಿದ ಮೇಲೆ ಸೊಲ್ಲು ಎತ್ತಿದವಳಿಗೆ ಅಂಚಿರುವ ರವಿಕೆ ಕಣ, ದನಿಗೂಡಿಸಿದವಳಿಗೆ ಬೋಳು ಕಣ. ಹಟ್ಟಿಯ ಸುತ್ತ ಹತ್ತು ಹನ್ನೊಂದು ಮನೆತನಗಳ ಮದುವೆಗೆಲ್ಲ ಇವರಿಬ್ಬರೇ ಹೋಗುತ್ತಿದ್ದರು, ಕಣಗಳೆಲ್ಲ ನನ್ನ ಅಂಗಡಿಯಲ್ಲೇ ಹರಿಯುತ್ತಿದ್ದವು. ಒಂದು ಗುಳೇದಗುಡ್ಡದ ಅಂಚಿನದು, ಒಂದು ಬೋಳು. ಬೋಳು ಕಣಕ್ಕೆ ಕತ್ತರಿ ಹಾಕುವಾಗೆಲ್ಲ ನಾಗಕ್ಕನ ಮುಖ ನೆನಪಾಗಿ ನನಗೆ ನಗು ಬರುತ್ತಿತ್ತು. ಪಾಪ ಅನ್ನಿಸಿದ್ದು ಆಮೇಲೆ.

ಎಪ್ಪತ್ತನಾಲ್ಕರಲ್ಲಿ ಒಂದು ಮದುವೆಗೆ ನಾನೇ ಬಟ್ಟೆ ಗಂಟು ಹೊತ್ತುಕೊಂಡು ಹೋಗಿದ್ದೆ. ಚಪ್ಪರದ ಕಂಬಕ್ಕೆ ಒರಗಿ ಕೂತವನಿಗೆ ಹಾಡುವವರ ಬೆನ್ನು ಎರಡು ಮೊಳದಲ್ಲಿತ್ತು. ಕೆಂಪಕ್ಕನ ದನಿ ಕೇಳಬೇಕು ನೀವು. ಕಂಚಿನ ತಟ್ಟೆಗೆ ಬೆರಳಿನಿಂದ ತಟ್ಟಿದ ಹಾಗೆ ಹಟ್ಟಿಯ ಆ ಕೊನೆಗೂ ಮುಟ್ಟುತ್ತಿತ್ತು. ಆದರೆ ಹತ್ತಿರ ಕೂತಿದ್ದಕ್ಕೆ ನನಗೆ ಇನ್ನೊಂದು ಸದ್ದೂ ಕೇಳಿಸಿತು. ಕೆಂಪಕ್ಕ ಒಂದು ಸೊಲ್ಲು ಮುಗಿಸಿ ಉಸಿರು ಎಳೆದುಕೊಳ್ಳುವ ಹೊತ್ತಿಗೆ ನಾಗಕ್ಕ ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಪಕ್ಕಕ್ಕೆ ಬಾಗಿ, ಮುಂದಿನ ಸೊಲ್ಲಿನ ಮೊದಲ ಮಾತನ್ನು ಅವಳ ಕಿವಿಗೆ ಹಾಕುತ್ತಿದ್ದಳು. ಕೆಂಪಕ್ಕ ಅದನ್ನು ಹಿಡಿದು ಮೇಲಕ್ಕೆ ಎತ್ತುತ್ತಿದ್ದಳು. ಒಂದೆರಡು ಸಲ ಅಲ್ಲ, ಪ್ರತಿ ಸೊಲ್ಲಿಗೂ ಹೀಗೆಯೇ.

ಅವತ್ತು ಕೆಂಪಕ್ಕನಿಗೆ ಸಿಕ್ಕಿದ್ದು ಹಸಿರು ಕಣ, ಕೆಂಪು ಅಂಚು. ನಾಗಕ್ಕ ಅದನ್ನು ನೋಡಿದ ನೋಟಕ್ಕೆ ಅಂಚು ಬಣ್ಣ ಬಿಡಬೇಕಿತ್ತು. ಗಟ್ಟಿ ಬಣ್ಣ, ನನ್ನ ಅಂಗಡಿಯದು, ಬಿಡಲಿಲ್ಲ.

ಮಾರನೆಯ ವಾರ ಅಂಗಡಿಗೆ ಬಂದವಳನ್ನು ಕೇಳಿದೆ. "ಏನ್ ನಾಗಕ್ಕ, ಹಾಡು ನಿಂದು, ಕಣ ಅವ್ಳದಾ?"

ಅವಳು ಬಾಗಿಲ ಕಡೆ ಒಂದು ಸಲ ತಿರುಗಿ ನೋಡಿದಳು. "ಕೇಳಿಸ್ಕಂಡ್ಬುಟ್ಟ್ರಾ ಅಣ್ಣಯ್ಯ? ಯಾರ್ಗೂ ಏಳ್ಬ್ಯಾಡಿ. ಅತ್ತೆ ರಾಗಿ ಬೀಸುವಾಗ ಕಲ್ಲಿನ ಈ ಕಡೆ ನಾನು ಕುಂತಿರ್ತಿದ್ದೆ. ಅವ್ಳು ನೀರಿಗೋಯ್ತೀನಿ ಅಂತ ಓಗ್ಬುಡೋಳು. ಅತ್ತೆ ಆಡಿದ್ದೆಲ್ಲ ನನ್ ಒಟ್ಟೆಗ್ ಬಿತ್ತು."

"ಮತ್ತೆ ನೀನೇ ಎತ್ತಬಾರದಾ?"

"ಎಂಗ್ ಎತ್ಲಿ? ಎಲ್ಡ್ ತಿಂಗ್ಳು ಮುಂಚೆ ಬಂದವ್ಳೆ ಮಾರಾಯ್ತಿ."

ಅತ್ತೆ ಅಂದರೆ ಚಿಕ್ಕಹನುಮಕ್ಕ. ಆಕೆ ಆಗಲೇ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಇನ್ನೊಂದು ದಿನ ಹೈಸ್ಕೂಲಿನ ರೇಣುಕಯ್ಯ ಮೇಷ್ಟ್ರು ಶಿರಾ ಬಸ್ಸಿಗೆ ಕಾಯುತ್ತ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಇಂಗ್ಲಿಷ್ ಮೇಷ್ಟ್ರು, ಬಸ್ಸು ತಡವಾದಷ್ಟೂ ಪಾಠ ಹೆಚ್ಚು. "ನೋಡಿ, ಅವರಲ್ಲಿ ಹಾರ್ಟ್ ಅನ್ನೋ ಒಂದೇ ಮಾತು ಎಷ್ಟು ಕೆಲಸ ಮಾಡುತ್ತೆ ಅಂತೀರಿ! ಪ್ರೀತಿಗೂ ಅದೇ, ಧೈರ್ಯಕ್ಕೂ ಅದೇ, ದುಃಖಕ್ಕೂ ಅದೇ. ಊರಿನ ನಟ್ಟನಡುವೆ ಅನ್ನೋಕೂ ಹಾರ್ಟ್. ಇಸ್ಪೀಟಿನಲ್ಲಿ ನಾವು ಆಟೀನು ಅಂತೀವಲ್ಲ, ಅದೂ ಅದೇ. ಪದ್ಯ ಬಾಯಿಗೆ ಬಂದರೆ ಅದಕ್ಕೂ ಬೈ ಹಾರ್ಟ್ ಅಂತಾರೆ."

ಮೂಲೆಯಲ್ಲಿ ದುಪ್ಪಟಿ ಆರಿಸುತ್ತಿದ್ದ ನಾಗಕ್ಕ ತಲೆ ಎತ್ತಿದಳು. "ಒಂದೇ ಎತ್ತಿಗೆ ಅಷ್ಟೂ ನೊಗ ಒರ್ಸಿದ್ರೆ ಅದು ಸಾಯಾಕಿಲ್ವ ಮೇಷ್ಟ್ರೆ?"

ಮೇಷ್ಟ್ರು ನಕ್ಕರು. "ನಿಮ್ಮಲ್ಲಿ ಹೆಂಗಮ್ಮ?"

"ನಮ್ಮಾಗೆ ಪಾಲಾಗೈತೆ. ಎದ್ರಿಕೆ ಆದ್ರೆ ಎದೆ ಒಡ್ಕಂತೈತೆ. ತ್ವಾಳದ ಮುಂದೆ ನಿಲ್ಲಾಕೆ ಗುಂಡಿಗೆ ಬೇಕು. ಮಕ್ಳು ಅಂದ್ರೆ ಕರುಳು. ಒಟ್ಟೆ ಒಂದಕ್ಕೇ ಎಲ್ಡ್ ಕೆಲ್ಸ ಬಿದ್ದೈತೆ."

"ಯಾವೆರಡು?"

"ಆಡು ಮಡಿಕ್ಕಳಾದು ಒಂದು. ಉರಿಯೋದು ಒಂದು."

ನಾನು ಸುಮ್ಮನಿರಲಿಲ್ಲ. "ಎರಡೂ ಒಂದೇ ಕಡೆ ಇದ್ದರೆ ಹಾಡು ಸೀದುಹೋಗಲ್ವಾ ನಾಗಕ್ಕ?"

"ಸೀಯಾಕಿಲ್ಲ ಅಣ್ಣಯ್ಯ. ಬೇಯ್ತೈತೆ" ಎಂದು ದುಪ್ಪಟಿಯನ್ನು ಮತ್ತೆ ಬೆಳಕಿಗೆ ಹಿಡಿದಳು. ಮೇಷ್ಟ್ರು ಅದನ್ನು ಬರೆದುಕೊಳ್ಳಲು ಜೇಬಿಗೆ ಕೈ ಹಾಕುವಷ್ಟರಲ್ಲಿ ಬಸ್ಸು ಬಂದುಬಿಟ್ಟಿತು.

ಆದರೆ ನಾಗಕ್ಕನ ಹೊಟ್ಟೆಯುರಿಗೆ ಒಂದು ಕೊನೆಯೂ ಗೊತ್ತಾಗಿತ್ತು. ಅದು ಹೀಗೆ. ಮದುವೆಯಾದ ಹುಡುಗಿ ಗಂಡನ ಮನೆಗೆ ಹೊರಡುವಾಗ ಒಂದು ಹಾಡುಂಟು. ಹುಡುಗಿ ಹೊಸಿಲಿನ ಮೇಲೆ ನಿಲ್ಲುತ್ತಾಳೆ, ಮಡಿಲಲ್ಲಿ ಅಕ್ಕಿ. ಆ ಮನೆಗೆ ಸೊಸೆಯರಾಗಿ ಬಂದು ಆ ಹೊಸಿಲು ಸಾರಿಸಿದ ಹೆಂಗಸರ ಹೆಸರುಗಳನ್ನು ಹಳೆಯದರಿಂದ ಹಿಡಿದು ಒಂದೊಂದಾಗಿ ಹಾಡಬೇಕು. ಒಂದು ಹೆಸರಿಗೆ ಹುಡುಗಿ ಒಂದು ಹಿಡಿ ಅಕ್ಕಿಯನ್ನು ಬೆನ್ನ ಹಿಂದಕ್ಕೆ, ಮನೆಯೊಳಕ್ಕೆ ಎರಚುತ್ತಾಳೆ. ಕೊನೆಯ ಹೆಸರು ತಾಯಿಯದು. ಅದು ಮುಗಿದ ಮೇಲೆಯೇ ಆಚೆಗೆ ಕಾಲು. ಹಿರಿಸೊಸೆಯರ ಹೆಸರು ಮಾತ್ರ ಸೇರುವ ಹಾಡು ಅದು. ಕಿರಿಯವಳು, ಹೆಣ್ಣುಮಕ್ಕಳೂ ಇಲ್ಲದ ನಾಗಕ್ಕನ ಹೆಸರು ಅದರಲ್ಲಿ ಎಲ್ಲೂ ಬರುವುದಿಲ್ಲ. ಹನ್ನೊಂದು ಮನೆಗಳ ಹೆಸರುಗಳೂ ಅವಳ ಹೊಟ್ಟೆಯಲ್ಲಿದ್ದವು, ಅವಳ ಹೆಸರು ಮಾತ್ರ ಯಾವ ಮನೆಯ ಹಾಡಿನಲ್ಲೂ ಇರಲಿಲ್ಲ.

ಆದರೆ ಹೆತ್ತ ತಾಯಿ ಈ ಹಾಡು ಎತ್ತುವಂತಿಲ್ಲ. ಅಳು ಬಂದು ಹೆಸರು ತಪ್ಪಿದರೆ ಕೇಡು ಅನ್ನುತ್ತಾರೆ. ಕೆಂಪಕ್ಕನಿಗೆ ಇದ್ದದ್ದು ಒಬ್ಬಳೇ ಮಗಳು, ಗಿರಿಯಮ್ಮ. ಗಿರಿಯಮ್ಮನ ಮದುವೆಯ ದಿನ ಕೆಂಪಕ್ಕ ಬಾಯಿ ಮುಚ್ಚಿಕೊಂಡು ಕೂರಬೇಕು, ನಾಗಕ್ಕ ಎತ್ತಬೇಕು. ಹುಡುಗಿಗೆ ಎಂಟು ವರ್ಷವಿದ್ದಾಗಿನಿಂದ ನಾಗಕ್ಕ ಅಂಗಡಿಗೆ ಬಂದಾಗೆಲ್ಲ ಹೊಸ ಅಂಚಿನ ಕಣಗಳನ್ನು ಮುಟ್ಟಿ ನೋಡಿ ಅನ್ನುತ್ತಿದ್ದಳು. "ಗಿರಿ ಮದ್ವೆ ಆಗ್ಲಿ ಅಣ್ಣಯ್ಯ. ಒಂದೇ ಒಂದು. ನಂಗೆ ಅದೊಂದ್ ಸಾಕು."

ನನ್ನ ಹೆಂಡತಿ ಚನ್ನಮಲ್ಲಮ್ಮ ಒಂದು ಸಲ ಇದನ್ನು ಕೇಳಿ, "ಅಷ್ಟು ಆಸೆ ಇದ್ರೆ ಒಂದು ಕಣ ಸುಮ್ಮನೆ ಕೊಟ್ಟುಬಿಡಬಾರದಾ?" ಅಂದಳು. ಕೊಟ್ಟರೆ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ನಾನೂ ಕೊಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಎಂಬತ್ತಮೂರರಲ್ಲಿ ಗಿರಿಯಮ್ಮನಿಗೆ ಪಾವಗಡದ ಕಡೆಯ ಗಂಡು ಗೊತ್ತಾಯಿತು. ಕೆಂಪಕ್ಕ ಬಟ್ಟೆಗೆ ಬಂದಳು. ಧಾರೆ ಸೀರೆ, ಬೀಗರಿಗೆ ಪಂಚೆ ಎಲ್ಲ ಆದ ಮೇಲೆ, "ಸಾವ್ಕಾರ್ರೆ, ಒಳ್ಳೇದೊಂದು ಅಂಚಿನ ಕಣ ತೆಗೀರಿ" ಅಂದಳು. ನಾನು ನಗುತ್ತ ಏಣಿ ಹತ್ತಿ, ಇದ್ದುದರಲ್ಲಿ ಅಗಲ ಅಂಚಿನದನ್ನು ಇಳಿಸಿದೆ. ಹಳದಿ, ಕೆಂಗಂದು ಅಂಚು.

"ಅಂತೂ ನಾಗಕ್ಕನ ಕಾಲ ಬಂತು."

ಕೆಂಪಕ್ಕ ಕಣ ಮಡಿಸುವುದನ್ನು ನಿಲ್ಲಿಸಿದಳು. "ನಾಗಿಗಲ್ಲ. ಬೀಗ್ರೇ ಒಬ್ಬಾಕೆನ ಕರ್ಕಂಡ್ ಬತ್ತವ್ರೆ, ಸುಂಕಮ್ಮ ಅಂತ. ಆ ಕಡೆ ಬಾಳ ಎಸ್ರು. ಅವ್ಳೇ ಎತ್ತಾದು. ನಾಗಿಗೆ ಬೋಳು ಕಣ ಕೊಡಿ, ಅಂಗೇ ಇರ್ಲಿ."

"ಯಾಕಮ್ಮ, ನಾಗಕ್ಕ ಎತ್ತಿದರೆ ಏನು?"

"ನಿಮ್ಗೊತ್ತಿಲ್ಲ ಸಾವ್ಕಾರ್ರೆ. ಅವ್ಳ್ ಬಾಯಿ ಒಂದ್ಸಲ ತೆರೀತು ಅಂದ್ರೆ ಆಮ್ಯಾಕೆ ಮುಚ್ಚಾಕಿಲ್ಲ. ನಾಳೆ ಊರೋರೆಲ್ಲ ಕೆಂಪಕ್ಕನ್ ಯಾಕೆ ಕರೀಬೇಕು ಅಂತಾರೆ."

ಅವತ್ತು ನನಗೆ ತಿಳಿಯಿತು, ಆ ಮನೆಯಲ್ಲಿ ಎರಡು ಹೊಟ್ಟೆಗಳು ಉರಿಯುತ್ತಿದ್ದವು. ಇಷ್ಟು ವರ್ಷ ಒಂದರ ಹೊಗೆಯನ್ನಷ್ಟೇ ನಾನು ನೋಡುತ್ತ ಬಂದಿದ್ದೆ.

"ಆ ಕಳಿಸೋ ಹಾಡು? ನಿಮ್ಮ ಮನೆ ಹೆಸರುಗಳು ಪಾವಗಡದವಳಿಗೆ ಹೆಂಗೆ ಗೊತ್ತಾಗುತ್ತೆ?"

"ನಾನೇ ಪಕ್ಕದಾಗ್ ಕುಂತು ಕಿವಿಗ್ ಆಕ್ತೀನಿ. ಅದೇನ್ ಮಾ ದೊಡ್ಡದಾ?"

ಹದಿನೈದು ವರ್ಷ ಹಾಡಿದವಳು. ತನಗೆ ಬರುತ್ತದೆ ಎಂದೇ ನಂಬಿದ್ದಳು. ಕಿವಿಗೆ ಬೀಳುತ್ತಿದ್ದ ಮಾತು ಅವಳಿಗೆ ಯಾವತ್ತೋ ತನ್ನ ನೆನಪಿನ ಹಾಗೆ ಕೇಳಿಸತೊಡಗಿತ್ತು.

ಇಲ್ಲಿ ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ವಾರ ಕಳೆದು ನಾಗಕ್ಕ ಬಂದಳು. ಎಣ್ಣೆ ಹಾಕಿ ತಲೆ ಬಾಚಿದ್ದಳು, ಮುಖ ಬೆಳಗುತ್ತಿತ್ತು. "ನಮ್ಮಕ್ಕ ಕಣ ತಗಂಡೋದ್ಲಂತೆ. ಯಾವ್ ಬಣ್ಣದ್ದು ಅಣ್ಣಯ್ಯ?" ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಅಂಗಡಿಯಲ್ಲಿ ಕೂತವನ ನಾಲಿಗೆ ಸುಮ್ಮನೆ ಕೂರುವುದಿಲ್ಲ.

"ಹಳದಿಯದು. ಪಾವಗಡದ ಸುಂಕಮ್ಮನಿಗೆ ಚೆನ್ನಾಗಿ ಒಪ್ಪುತ್ತೆ" ಎಂದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬೆಂಚಿನ ಮೇಲೆ ಕೂತಳು. ಅತ್ತಳು ಅಂದುಕೊಳ್ಳಬೇಡಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ಎಂಟ್ ವರ್ಷದ್ ಮಗೀಗೆ ನಾನೇ ತಲೆ ಬಾಚ್ತಿದ್ದೆ. ಅವ್ಳು ದೊಡ್ಡೋಳಾಗ್ಲಿ ಅಂತ ಅವ್ರವ್ವ ಕಾದ್ಲೋ ಇಲ್ವೋ, ನಾನ್ ಕಾದೆ" ಎಂದಳು. "ಆಯ್ತು. ಆ ಸುಂಕಿನೇ ಎತ್ಲಿ. ನಾನು ತುಟಿ ಬಿಚ್ಚಾಕಿಲ್ಲ. ಎಸ್ರು ಬೇಕು ಅಂತ ಕಾಲ್ ಇಡಿದ್ರೂ ಬಿಚ್ಚಾಕಿಲ್ಲ. ಗಿರಿ ಒಸ್ಲು ಮ್ಯಾಲೇ ನಿಂತ್ಕಂಡಿರ್ಲಿ."

"ನಾಗಕ್ಕ, ಮಗು ಮೇಲೆ ಯಾಕೆ ಸಿಟ್ಟು?"

"ನನ್ ಒಟ್ಟೆಗೆ ಬೆಂಕಿ ಬಿದ್ದಾಗ ನಿಮ್ ಪಂಚೆಗ್ ಬಿಸಿ ತಾಗೈತಾ ಅಣ್ಣಯ್ಯ? ಸುಮ್ಕಿರಿ" ಎಂದು ಎದ್ದು ಹೋದಳು.

ಮದುವೆಗೆ ನಾನೂ ಚನ್ನಮಲ್ಲಮ್ಮನೂ ಹೋದೆವು. ಸಾಮಾನ್ಯವಾಗಿ ನಾನು ಗಿರಾಕಿಗಳ ಮದುವೆಗೆ ಊಟಕ್ಕೆ ಹೋಗುವವನು. ಅವತ್ತು ಊಟ ರುಚಿಸಲಿಲ್ಲ. ಸುಂಕಮ್ಮ ದಪ್ಪಗೆ, ನಗುಮುಖದ ಹೆಂಗಸು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಸೊಗಸಾಗಿ ಹಾಡಿದಳು. ಅರಿಶಿನದ ಹಾಡು, ಧಾರೆಯ ಹಾಡು, ಬೀಗರನ್ನು ಹಂಗಿಸುವ ಹಾಡು, ಎಲ್ಲವೂ ನಡೆದವು. ನಾಗಕ್ಕ ಕಂಬದ ಪಕ್ಕ ತುಟಿ ಹೊಲಿದವಳ ಹಾಗೆ ಕೂತಿದ್ದಳು. ಸುಂಕಮ್ಮನ ಒಂದೊಂದು ಸೊಲ್ಲಿಗೂ ಜನ ತಲೆದೂಗಿದರೆ ಇವಳ ಕೊರಳ ನರ ಒಂದೊಂದು ಸಲ ಏಳುತ್ತಿತ್ತು.

ಮಾರನೆಯ ದಿನ ಬಿಸಿಲೇರುವ ಮುಂಚೆ ಹೊರಡುವ ಹೊತ್ತು. ಲಾರಿ ಬಂದು ನಿಂತಿತ್ತು. ಗಿರಿಯಮ್ಮ ಮಡಿಲಲ್ಲಿ ಅಕ್ಕಿ ತುಂಬಿಕೊಂಡು ಹೊಸಿಲಿನ ಮೇಲೆ ನಿಂತಳು. ಹಾಡುವವರು, ನಾವೆಲ್ಲ ಅವಳ ಬೆನ್ನ ಹಿಂದೆ ಪಡಸಾಲೆಯಲ್ಲಿದ್ದೆವು, ನಾಗಕ್ಕ ಅಲ್ಲಿನ ಕಂಬಕ್ಕೆ ಒರಗಿ ಕೂತಿದ್ದಳು. ಸುಂಕಮ್ಮ ಕೇಳಿದಳು, "ಏಮಮ್ಮಾ ಕೆಂಪಕ್ಕ, ಪೇರ್ಲು ಚೆಪ್ಪು. ನಿಮ್ಮ ಮನೆ ಹೆಸರು ಹೇಳು, ನಾನ್ ಎತ್ತೀನಿ."

ಕೆಂಪಕ್ಕ ಅವಳ ಕಿವಿಗೆ ಬಾಗಿದಳು. ಸುಂಕಮ್ಮ ಎತ್ತಿದಳು.

"ಹೊಸಿಲ ದಾಟೋ ಮಗಳೆ, ಹಿಂದಕ್ಕೊಂದು ಹಿಡಿಯ ಚೆಲ್ಲೆ,
ಈ ಹೊಸಿಲ ಸಾರಿಸಿದ ದೊಡ್ಡೀರಮ್ಮನ ಕೈಗೆ ಚೆಲ್ಲೆ."

ಅಕ್ಕಿ ಬಿತ್ತು. ಎರಡನೆಯದು ಕರಿಯಕ್ಕ. ಅಕ್ಕಿ ಬಿತ್ತು. ಮೂರನೆಯದು ಹಾಲವ್ವ. ನಾಲ್ಕನೆಯದಕ್ಕೆ ಸುಂಕಮ್ಮ ಕಿವಿ ಕೊಟ್ಟಳು. ಕೆಂಪಕ್ಕ ಬಾಯಿ ತೆರೆದಳು, ಏನೂ ಬರಲಿಲ್ಲ. ಯಾರೋ ಪಕ್ಕದಿಂದ ಎತ್ತಿಕೊಡುತ್ತಾರೆ ಅನ್ನುವ ಹಾಗೆ ಅವಳ ತಲೆ ತಾನಾಗಿ ಎಡಕ್ಕೆ ವಾಲಿತು. ಅಲ್ಲಿ ಯಾರೂ ಇರಲಿಲ್ಲ. ಅವಳ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ. ಅವಳಿಗೆ ತನ್ನ ಬಗ್ಗೆ ಗೊತ್ತಾಗಿದ್ದು ಆಗಲೇ ಅನ್ನಿಸುತ್ತದೆ.

"ಎಸ್ರು ಏಳಮ್ಮ, ಹೊತ್ತಾಯ್ತು" ಅಂದರು ಬೀಗರು. ದಾಸಣ್ಣ ಹೆಂಡತಿಯ ಕಡೆ ನೋಡಿ, "ಏನೇ ಇವ್ಳೇ, ನಿಮ್ಮತ್ತೆ ಎಸ್ರಾದ್ರೂ ಏಳೇ!" ಅಂದ. ಅತ್ತೆಯ ಹೆಸರು ಗೊತ್ತು, ಆದರೆ ನಡುವಿನ ಎರಡನ್ನು ಹಾರಿಸಿ ಅತ್ತೆಗೆ ಹೋಗುವುದು ಹೇಗೆ? ಗಿರಿಯಮ್ಮ ಹಿಡಿಯಲ್ಲಿ ಅಕ್ಕಿ ಹಿಡಿದು ಹಾಗೇ ನಿಂತಿದ್ದಳು. ಬೆರಳ ಸಂದಿಯಿಂದ ಕಾಳು ಉದುರತೊಡಗಿತು. ಯಾರೋ ಮುದುಕಿ, "ಉದುರಬಾರದು ಕಣೇ, ಬಿಗಿಯಾಗ್ ಇಡ್ಕೊ" ಎಂದು ಗದರಿದಳು. ಹುಡುಗಿ ತಿರುಗುವಂತಿಲ್ಲ. ತಿರುಗದೆಯೇ ಮೆಲ್ಲಗೆ ಕರೆದಳು.

"ಚಿಕ್ಕವ್ವ..."

ನಾಗಕ್ಕ ಕಂಬ ಬಿಟ್ಟು ಏಳುವ ಮುಂಚೆ ಎಷ್ಟು ಹೊತ್ತು ಕೂತಿದ್ದಳು ಅಂತ ನನ್ನನ್ನು ಕೇಳಿದರೆ, ಒಂದು ಸೀರೆ ಬಿಚ್ಚಿ ಮಡಿಸುವಷ್ಟು. ಆಮೇಲೆ ಎದ್ದಳು. ಬಂದು ಸುಂಕಮ್ಮನ ಮುಂದೆಯೇ ನಿಂತಳು, ಪಕ್ಕದಲ್ಲಲ್ಲ. ದನಿ ಒರಟು, ಕೆಂಪಕ್ಕನ ಕಂಚು ಅದರಲ್ಲಿರಲಿಲ್ಲ. ಬೀಸುವ ಕಲ್ಲಿನ ಹಾಗೆ ತಗ್ಗಿನಲ್ಲೇ ಸುತ್ತುವ ದನಿ.

ಚಿತ್ತಕ್ಕ. ಅಕ್ಕಿ. ಲಿಂಗಮ್ಮ. ಅಕ್ಕಿ. ಚಿಕ್ಕಹನುಮಕ್ಕ. ಅಕ್ಕಿ.

ಇನ್ನು ಉಳಿದದ್ದು ಒಂದೇ ಹೆಸರು, ಎದುರಿಗೇ ನಿಂತಿದ್ದವಳದು. ನಾಗಕ್ಕ ಸೊಲ್ಲು ಎತ್ತಿದಳು. "ಹೊಸಿಲ ದಾಟೋ ಮಗಳೆ, ಹಿಂದಕ್ಕೊಂದು ಹಿಡಿಯ ಚೆಲ್ಲೆ, ಈ ಹೊಸಿಲ ಸಾರಿಸಿದ..." ಅಲ್ಲಿಗೆ ನಿಲ್ಲಿಸಿದಳು.

ಹಾಡಿದ ಹೆಸರನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಅವಳು ಅಲ್ಲಿ 'ನಾಗಕ್ಕ' ಎಂದು ಬಿಟ್ಟಿದ್ದರೆ ಅಕ್ಕಿ ಬಿದ್ದುಬಿಡುತ್ತಿತ್ತು. ಮಗಳ ಹಾಡಿನಲ್ಲಿ ತಾಯಿಯ ಹೆಸರಿಲ್ಲದೆ ಲಾರಿ ಹೊರಡುತ್ತಿತ್ತು. ಚನ್ನಮಲ್ಲಮ್ಮ ನನ್ನ ತೋಳು ಹಿಡಿದುಕೊಂಡಳು. ನಾಗಕ್ಕ ಕೆಂಪಕ್ಕನನ್ನೇ ನೋಡುತ್ತಿದ್ದಳು. ಕೆಂಪಕ್ಕನಿಗೂ ಅದು ಗೊತ್ತಾಯಿತು. ಅವಳು ಎರಡು ಹೆಜ್ಜೆ ಬಂದು, ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಬಾಗಿ, ನಾಗಕ್ಕನ ಕಿವಿಗೆ ಬಾಯಿಟ್ಟು ತನ್ನ ಹೆಸರನ್ನು ತಾನೇ ಹೇಳಿದಳು.

"...ಕೆಂಪಕ್ಕನ ಕೈಗೆ ಚೆಲ್ಲೆ."

ಅಕ್ಕಿ ಬಿತ್ತು. ಗಿರಿಯಮ್ಮನ ಮಡಿಲಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಯಾವ ಹೆಸರೂ ಇಲ್ಲದೆ ಅದನ್ನೂ ಬಾಚಿ ಹಿಂದಕ್ಕೆ, ನಾಗಕ್ಕ ನಿಂತಿದ್ದ ಕಡೆಗೆ ಎರಚಿ, ಹುಡುಗಿ ಹೊಸಿಲು ದಾಟಿದಳು. ಕೆಲವು ಕಾಳು ನಾಗಕ್ಕನ ತಲೆಯ ಮೇಲೆ ಬಿದ್ದವು. ಅವಳು ನೋಡಲಿಲ್ಲ. ಅವಳ ಕಣ್ಣು ಸುಂಕಮ್ಮನ ಕಂಕುಳಲ್ಲಿದ್ದ ಹಳದಿ ಕಣದ ಮೇಲಿತ್ತು.

ಹದಿನೈದು ದಿನ ಬಿಟ್ಟು ನಾಗಕ್ಕ ಅಂಗಡಿಗೆ ಬಂದಳು. ಬಂದ ಕೂಡಲೇ ಕೇಳಿದೆ. "ಅವತ್ತು ನಿಂಗೆ ನಿಜವಾಗಿ ಹೆಸರು ಮರೆತಿತ್ತಾ ನಾಗಕ್ಕ?"

"ಅವ್ಳೆಸ್ರು ನಂಗ್ ಮರ್ತೋಯ್ತದಾ ಅಣ್ಣಯ್ಯ? ಊಟ ಮಾಡುವಾಗ್ಲೂ ಬುಡಾಕಿಲ್ಲ ಅದು. ಒಂದೇ ಒಂದ್ಸಲ ಅವ್ಳು ನನ್ ಕಿವಿಗೆ ಆಕ್ಲಿ ಅಂತ ಕಾದೆ." ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಮಡಿಚಿದ ಬಟ್ಟೆಯೊಂದನ್ನು ಬಿಚ್ಚಿ ನನ್ನ ಮುಂದೆ ಹರಡಿದಳು. "ಕೊಟ್ಟವ್ಳೆ. ಟ್ರಂಕಿನಾಗಿಂದ ತೆಗ್ದು ಅಳೇ ಕಣ ಕೊಟ್ಟವ್ಳೆ ನೋಡಿ. ಒಸ್ದು ಅಂದ್ರೆ ಅವ್ಳ ಕೈಯಾಗ್ ಬರಾಕಿಲ್ಲ."

ಹಸಿರು ಕಣ, ಕೆಂಪು ಅಂಚು. ಎಪ್ಪತ್ತನಾಲ್ಕರಲ್ಲಿ ನಾನೇ ಕತ್ತರಿಸಿದ್ದು. ಮೂಲೆಯಲ್ಲಿ ಕತ್ತರಿ ಸ್ವಲ್ಪ ಓರೆ ಹೋಗಿದ್ದು ಹಾಗೇ ಇತ್ತು. ಒಂಬತ್ತು ವರ್ಷ ಅದನ್ನು ಹೊಲಿಸಿಕೊಳ್ಳದೆ ಕೆಂಪಕ್ಕ ಯಾಕೆ ಮುಚ್ಚಿಟ್ಟಿದ್ದಳೋ. ಒಂದೂ ಸೂಜಿ ತೂತಿರಲಿಲ್ಲ.

"ಹೊಸಿಲು ದಾಟುವಾಗ ಗಿರಿ ಎಂಟನೇ ಹಿಡಿ ನಿನ್ನ ಕಡೆ ಎರಚಿದಳು, ಗೊತ್ತಾ?" ಎಂದೆ.

"ಊಂ, ರಾತ್ರಿ ತುರುಬು ಬಿಚ್ಚಿದಾಗ ಕಾಳು ಸಿಕ್ತು" ಅಂದಳು. ಒಂದು ಗಳಿಗೆ ಅವಳ ಬಾಯಿ ಸಡಿಲವಾಯಿತು, ಮತ್ತೆ ಬಿಗಿಯಾಯಿತು. "ಅದಿರ್ಲಿ ಅಣ್ಣಯ್ಯ. ಇದನ್ನ ಏಳಿ. ಆ ಸುಂಕಿಗ್ ಕೊಟ್ರಲ್ಲ, ಅದ್ರ ಅಂಚು ಇದ್ಕಿಂತ ಅಗ್ಲಾನಾ?"

ಅದು ಮೂರು ಬೆರಳು, ಇದು ಎರಡು. ನಲವತ್ತು ವರ್ಷ ಗಜಕಡ್ಡಿ ಹಿಡಿದ ಕೈ ನನ್ನದು, ಒಂದು ನೂಲು ಆಚೀಚೆ ಆಗುವುದಿಲ್ಲ. ಅಂಚಿನ ಮೇಲೆ ಬೆರಳಿಟ್ಟು ಅಳೆದೆ.

"ಎರಡೂ ಎರಡೇ ಬೆರಳು" ಎಂದೆ.

"ನಿಜವಾ?"

"ಅಳೆದು ಹೇಳ್ತಿಲ್ವಾ?"

"ಆ ಅಳದಿ ಕಣ ಇನ್ನೊಂದೈತಾ? ಪಕ್ಕದಾಗ್ ಮಡಗಿ ನೋಡಾನ."

ನನ್ನ ಬೆನ್ನ ಹಿಂದಿನ ಕಪಾಟಿನ ಅರೆಯಲ್ಲಿ ಹಳದಿಯದು ಇನ್ನೂ ಎರಡಿತ್ತು. ತೆಗೆದು ತೋರಿಸಿದ್ದರೆ ಅವಳು ಒಂದು ಕೊಂಡೇ ಹೋಗುತ್ತಿದ್ದಳು. ನಾನು ಸ್ಟೂಲನ್ನು ಸರಿಸಿ, ಅರೆ ಕಾಣದ ಹಾಗೆ ನೆಟ್ಟಗೆ ಕೂತೆ.

"ಖರ್ಚಾಗೋಯ್ತು ನಾಗಕ್ಕ" ಎಂದೆ.